ಜಾಹೀರಾತಿನ ನಡುವೆ ಮುಗಿದ ಕುಸ್ತಿ

ಕುಸ್ತಿ ಮೈದಾನದಲ್ಲಿ ಮೈಕು ಹಿಡಿದು ಮಾತಾಡುವುದು ನನಗೆ ಹೊಟ್ಟೆಪಾಡಲ್ಲ, ಚಟ. ಹೊಟ್ಟೆಪಾಡಿಗೆ ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ವಾರವಿಡೀ ಮಕ್ಕಳಿಗೆ ಸಂಧಿ, ಸಮಾಸ ಹೇಳುತ್ತೇನೆ. ಅವರು ಕೇಳುವುದಿಲ್ಲ. ರವಿವಾರ ಬಂತೆಂದರೆ ರಾಯಬಾಗ, ಅಥಣಿ, ಕಾಗವಾಡ ಎಲ್ಲಿ ಕುಸ್ತಿ ಇದ್ದರೂ ಹೋಗಿ ಮೈಕು ಹಿಡಿಯುತ್ತೇನೆ. ಅಲ್ಲಿ ಸಾವಿರಾರು ಮಂದಿ ಮಣ್ಣಿನ ದಿಬ್ಬದ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳುತ್ತಾರೆ. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಯಾವ ಪೈಲವಾನ ಯಾವ ಊರಿನವನು, ಅವನ ಅಜ್ಜ ಯಾರನ್ನು ಬೀಳಿಸಿದ್ದ, ಈಗ ಅವನ ಕೈ ಎಲ್ಲಿದೆ, ಕಾಲು ಎಲ್ಲಿಗೆ ಹೋಗಲಿದೆ ಎಂದು ಹೇಳುತ್ತಾ ಹೋದರೆ, ದೂರದಲ್ಲಿ ಕೂತು ಏನೂ ಕಾಣದವರೂ ಕಂಡವರಂತೆ ಸಿಳ್ಳು ಹಾಕುತ್ತಾರೆ. ಹೀಗೆ ಇಪ್ಪತ್ತು ವರ್ಷ ಕಳೆದಿತ್ತು. ನನ್ನ ಧ್ವನಿ ಸುತ್ತಲಿನ ತಾಲೂಕುಗಳಿಗೆಲ್ಲ ಗೊತ್ತು ಎಂಬ ಸೊಕ್ಕು ನನ್ನಲ್ಲಿ ಬೆಳೆದಿತ್ತು. ನಡೆದದ್ದಕ್ಕೆಲ್ಲ ಆ ಸೊಕ್ಕೇ ಕಾರಣವೆಂದು ಈಗ ಅನ್ನಿಸುತ್ತದೆ.

ಏಕಸಂಬಿಯ ಕುಸ್ತಿ ಸಮಿತಿಯ ಅಧ್ಯಕ್ಷರು ಒಂದು ಮುಂಜಾನೆ ಫೋನ್ ಮಾಡಿದರು. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆತನದವರು, ಒಳ್ಳೆಯವರು. ಯಾರೇ ಏನೇ ಹೇಳಿದರೂ ಒಪ್ಪಿಕೊಂಡುಬಿಡುವುದೊಂದೇ ಅವರ ದೋಷ.

"ಮಾಸ್ತರ, ಈ ಸಲ ನಮ್ಮ ಕುಸ್ತಿ ಟಿವ್ಯಾಗ ಬರತೈತಿ. ಲೈವ್. ನೀವ ಮಾತಾಡಬೇಕು," ಅಂದರು.

ನಾನು ಯೋಚಿಸಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಹೊರಬಿದ್ದದ್ದು "ಆತ್ರಿ" ಎಂಬ ಮಾತು.

ಮೊದಲೆಲ್ಲ ಕುಸ್ತಿಯ ದಿನವನ್ನು ಸಮಿತಿಯ ಹಿರಿಯರು ಕೂತು ಗೊತ್ತು ಮಾಡುತ್ತಿದ್ದರು. ಈ ಸಲ ಕ್ರಿಕೆಟ್ ಇಲ್ಲದ ರವಿವಾರವನ್ನು ಹುಡುಕಿ ಚಾನೆಲ್‌ನವರೇ ಗೊತ್ತು ಮಾಡಿದ್ದರು. ಈ ದೇಶದಲ್ಲಿ ಕ್ರಿಕೆಟ್ ಇಲ್ಲದ ರವಿವಾರ ಸಿಗುವುದು ಕಷ್ಟ. ಸಿಕ್ಕದ್ದು ಕಬ್ಬು ಕಡಿಯುವ ಭರದ ದಿನ. ಟ್ರ್ಯಾಕ್ಟರುಗಳು ರಸ್ತೆ ತುಂಬಿರುತ್ತವೆ, ಜನ ಹೇಗೆ ಬರುತ್ತಾರೆ ಎಂದು ನಾನು ಕೇಳಿದೆ. ಅಧ್ಯಕ್ಷರು, "ಮಂದಿ ಮನ್ಯಾಗ ಕುಂತ ನೋಡ್ತಾರ ಬಿಡ್ರಿ, ಅದಕ್ಕ ಅಲ್ಲ ಟಿವಿ," ಅಂದರು.

ಹತ್ತು ದಿನ ಮುಂಚೆ ಅವರ ತೋಟದ ಮನೆಯಲ್ಲಿ ಸಭೆ ಸೇರಿತು. ಚಾನೆಲ್ ಕಡೆಯಿಂದ ಬೆಂಗಳೂರಿನ ಒಬ್ಬ ನಿರ್ದೇಶಕ ಬಂದಿದ್ದ. ಮುಖ್ಯ ಪ್ರಾಯೋಜಕರ ಕಡೆಯಿಂದ ಟ್ಯಾಬ್ ಹಿಡಿದ ಒಬ್ಬ ಯುವತಿ ಬಂದಿದ್ದಳು. ಪೈಲವಾನರ ಕಡೆಯಿಂದ ಭೋಜ ಎಂಬ ಊರಿನ ತಾಲೀಮಿನ, ಅಂದರೆ ಗರಡಿಯ, ವಸ್ತಾದರು ಬಂದಿದ್ದರು. ಎಪ್ಪತ್ತು ದಾಟಿದ ಈ ವಸ್ತಾದರು ಎಂದರೆ ಕುಸ್ತಿ ಕಲಿಸುವ ಗುರು. ಅವರ ಕಿವಿಗಳೆರಡೂ ಕುಸ್ತಿಯಲ್ಲೇ ಮುದುಡಿ ಗಂಟಾಗಿದ್ದವು.

ಪ್ರಾಯೋಜಕರ ಬಗ್ಗೆ ಒಂದು ಮಾತು. ಟಿವಿಯಲ್ಲಿ ಅವರು ಮಾರುವುದು ಬೆಳ್ಳಿಬಣ್ಣದ ಪುಡಕಿಯಲ್ಲಿ, ಅಂದರೆ ಸಣ್ಣ ಪೊಟ್ಟಣದಲ್ಲಿ, ಏಲಕ್ಕಿ. ಅದೇ ಹೆಸರಿನ, ಅದೇ ಬಣ್ಣದ ಇನ್ನೊಂದು ಪುಡಕಿ ಪಾನಪಟ್ಟಿ ಅಂಗಡಿಗಳಲ್ಲಿ ಸರಸರ ಹರಿದು ಬಾಯಿಗೆ ಬೀಳುತ್ತದೆ. ಅದರಲ್ಲಿ ಏಲಕ್ಕಿ ಇರುವುದಿಲ್ಲ. ಆ ಪದಾರ್ಥವನ್ನು ಟಿವಿಯಲ್ಲಿ ತೋರಿಸಬಾರದು ಎಂದು ಕಾಯಿದೆ ಇರುವುದರಿಂದ ಏಲಕ್ಕಿ ಮುಂದೆ ಬಂದಿದೆ. ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಒಂದು ಮಧ್ಯಾಹ್ನ ಅದನ್ನು ಎಷ್ಟು ಸಲ ಹೇಳಿದೆನೆಂದರೆ, ಈ ಜನ್ಮಕ್ಕೆ ಅಷ್ಟು ಸಾಕು.

ಸಭೆಯಲ್ಲಿ ನಿರ್ದೇಶಕ ಮೊದಲು ಕೇಳಿದ್ದು: "ಪೈಲ್ವಾನರ ಜೆರ್ಸಿ ಒಂದು ತೋರಿಸ್ತೀರಾ ಸರ್? ಲೋಗೋ ಎಲ್ಲಿ ಬರುತ್ತೆ ಅಂತ ನೋಡಬೇಕು."

"ಲಂಗೋಟ," ಅಂದರು ವಸ್ತಾದರು.

"ಅದರ ಮೇಲೆ?"

"ಅದರ ಮ್ಯಾಲ ಹೊಟ್ಟಿ."

ಟ್ಯಾಬ್ ಹಿಡಿದ ಯುವತಿ ನಗು ತಡೆಯಲು ಕೆಮ್ಮಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾ ಕಾಗವಾಡದಾಕಿನ್ರಿ ಸರ್. ನಿಮ್ಮ ಧ್ವನಿ ನಮ್ಮ ಅಜ್ಜಾರ ಹೊಲದ ಮಟಾ ಕೇಳಸ್ತಿತ್ತು," ಅಂದಳು. ಈ ಮಾತಿಗೆ ನಾನು ಉಬ್ಬಿದೆ. ಅವಳು ಕೇಳಿದ್ದನ್ನೆಲ್ಲ ಮಾಡಿಕೊಡಬೇಕೆಂದು ಅಲ್ಲೇ ನಿಶ್ಚಯಿಸಿದೆ.

ಅರ್ಧ ದಿನ ಚರ್ಚೆ ನಡೆಯಿತು. ಪೈಲವಾನರಿಗೆ ತೆಳುವಾದ ಅಂಗಿ ತೊಡಿಸೋಣವೇ ಎಂದು ನಿರ್ದೇಶಕ ಕೇಳಿದ. ಅಂಗಿ ಹಿಡಿದರೆ ಅಂಗಿಯಷ್ಟೇ ಕೈಗೆ ಬರುತ್ತದೆ, ಪೈಲವಾನ ಹೋಗಿಬಿಡುತ್ತಾನೆ ಎಂದು ವಸ್ತಾದರು ತಿಳಿಸಿ ಹೇಳಿದರು. ಲಂಗೋಟದ ಮೇಲೆಯೇ ಮುದ್ರಿಸಬಹುದಲ್ಲ ಎಂದು ಅಧ್ಯಕ್ಷರು ಉದಾರವಾಗಿ ಸೂಚಿಸಿದರು. ಬಾಯಿಗೆ ಹಾಕಿಕೊಳ್ಳುವ ವಸ್ತುವಿನ ಹೆಸರು ಆ ಜಾಗದಲ್ಲಿ ಬೇಡ ಎಂದು ಕಂಪನಿಯ ಕಡೆಯಿಂದಲೇ ಬೇಡಿಕೆ ಬಂತು. ಹಾಗಾದರೆ ಕಣದ ಕೆಂಪು ಮಣ್ಣಿನ ಮೇಲೆ ಬಿಳಿ ಪುಡಿಯಲ್ಲಿ ದೊಡ್ಡದಾಗಿ ಲೋಗೋ ಬರೆಸೋಣ ಎಂಬ ಮಾತು ಬಂದಾಗ ವಸ್ತಾದರು ಚಹಾದ ಕಪ್ಪು ಕೆಳಗಿಟ್ಟರು.

"ಆ ಮಣ್ಣಾಗ ಮಜ್ಜಗಿ, ಅರಿಷಿಣ, ಎಣ್ಣಿ, ಲಿಂಬಿಹಣ್ಣಿನ ರಸ ಹಾಕಿ ತಿಂಗಳಗಟ್ಟಲೆ ಹದ ಮಾಡಿರ್ತೀವಿ. ಹುಡುಗ್ರು ಕೈ ಮುಗದ ಒಳಗ ಇಳೀತಾರ. ನೀವು ಅದರ ಮ್ಯಾಲ ಪುಡಕಿ ಹೆಸರ ಬರದ್ರ ಅವರು ಯಾರಿಗೆ ಮುಗೀಬೇಕು?"

ಮಣ್ಣು ಉಳಿಯಿತು. ಆದರೆ ಬೆನ್ನು ಹೋಯಿತು. ನೀರು ಹಚ್ಚಿ ಒತ್ತಿದರೆ ಮೈಗೆ ಅಂಟುವ ಅಂಗೈ ಅಗಲದ ಚಿತ್ರವನ್ನು ಪ್ರತಿ ಪೈಲವಾನನ ಬೆನ್ನಿಗೆ ಹಚ್ಚಬೇಕೆಂದು ತೀರ್ಮಾನವಾಯಿತು. ಯುವತಿ ತನ್ನ ಕೆಲಸ ಏನೆಂದು ನನಗೆ ವಿವರಿಸಿದಳು. ಲೋಗೋ ಪೂರ್ತಿಯಾಗಿ, ಸ್ವಚ್ಛವಾಗಿ, ಯಾವ ಅಡ್ಡಿಯೂ ಇಲ್ಲದೆ ಪರದೆಯ ಮೇಲೆ ಎಷ್ಟು ಸೆಕೆಂಡು ಕಾಣಿಸಿತು ಎಂಬುದನ್ನು ಅಳೆಯುವುದು. ಅರ್ಧ ಕಂಡರೆ ಲೆಕ್ಕಕ್ಕಿಲ್ಲ. ಮಣ್ಣು ಮೆತ್ತಿದರೆ ಲೆಕ್ಕಕ್ಕಿಲ್ಲ. ಕೈ ಅಡ್ಡ ಬಂದರೂ ಇಲ್ಲ.

"ಕುಸ್ತ್ಯಾಗ ಕೈಯ ಕೆಲಸನ ಅಡ್ಡ ಬರೂದವಾ," ಅಂದರು ವಸ್ತಾದರು.

"ಗೊತ್ತೈತ್ರಿ ಅಜ್ಜಾರ. ನಮ್ಮ ಆಫೀಸಿನಾವ್ರಿಗೆ ಗೊತ್ತಿಲ್ಲ," ಅಂದಳು ಅವಳು.

ಕುಸ್ತಿಯಲ್ಲಿ ಯಾರ ಬೆನ್ನು ನೆಲಕ್ಕೆ ಹತ್ತುತ್ತದೋ ಅವನು ಸೋತಂತೆ. ಅದನ್ನೇ ನಾವು ಚಿತ್ ಆದ ಅನ್ನುತ್ತೇವೆ. ಅಂದರೆ ಸೋತವನ ಬೆನ್ನಿನ ಏಲಕ್ಕಿ ಮಣ್ಣು ಪಾಲು, ಗೆದ್ದವನ ಬೆನ್ನಿನದು ಆಕಾಶಕ್ಕೆ ಮುಖ ಮಾಡಿರುತ್ತದೆ. ಇದನ್ನು ತಿಳಿದು ನಿರ್ದೇಶಕನಿಗೆ ಬಹಳ ಸಂತೋಷವಾಯಿತು. "ಹಾಗಾದ್ರೆ ಬ್ರ್ಯಾಂಡ್ ಯಾವಾಗಲೂ ಗೆಲ್ಲುತ್ತೆ," ಅಂದ.

ನನಗೆ ನಾಲ್ಕು ಹಾಳೆ ಕೊಟ್ಟರು. ಯಾರಾದರೂ ಚಿತ್ ಆದರೆ ಅದನ್ನು "ಏಲಕ್ಕಿಯ ಘಮಘಮ ಗೆಲುವು" ಎನ್ನಬೇಕು. ನೀರು ಕುಡಿಯಲು ನಿಂತರೆ "ತಾಜಾ ಉಸಿರಿನ ವಿರಾಮ". ಒಂದು ಬನಿಯನ್ ಕಂಪನಿ ಸಹ-ಪ್ರಾಯೋಜಕನಾಗಿತ್ತು. ಬನಿಯನ್ ಹಾಕದವರ ಆಟಕ್ಕೆ ಬನಿಯನ್ ಕಂಪನಿ ಯಾಕೆ ಬಂತೋ ನನಗೆ ತಿಳಿಯಲಿಲ್ಲ. ಹಲಗಿ ಬಾರಿಸುವಾಗ ಅವರ ಹೆಸರು ಹೇಳಬೇಕಿತ್ತು.

ಮನೆಯಲ್ಲಿ ಆ ಹಾಳೆಗಳನ್ನು ಹಿಡಿದು ಗಟ್ಟಿಯಾಗಿ ಅಭ್ಯಾಸ ಮಾಡಿದೆ. ನನ್ನ ಹೆಂಡತಿ ನಿಪ್ಪಾಣಿಯವಳು. ಅವಳ ತಾಯಿ ತಂಬಾಕಿನ ವಖಾರದಲ್ಲಿ ಸೊಪ್ಪು ಆರಿಸುವ ಕೆಲಸ ಮಾಡಿದವಳು. ಹೆಂಡತಿ ಹಿಟ್ಟು ನಾದುತ್ತಾ ಅಷ್ಟೂ ಕೇಳಿಸಿಕೊಂಡು, "ನಮ್ಮೂರಾಗ ತಂಬಾಕಕ್ಕ ತಂಬಾಕ ಅಂತಾರ. ನೀವು ಓದಿದವ್ರು, ಏಲಕ್ಕಿ ಅಂತೀರಿ," ಅಂದಳು.

"ನಾ ಅನ್ನೂದಿಲ್ಲ, ಅವರು ಬರದ ಕೊಟ್ಟಾರ."

"ಬಾಯಿ ನಿಮ್ದ ಅಲ್ಲೇನು?"

ನಾನು ಅಭ್ಯಾಸವನ್ನು ಮಾಳಿಗೆಯ ಮೇಲೆ ಮುಂದುವರಿಸಿದೆ.

ಕುಸ್ತಿಯ ದಿನ ಮಧ್ಯಾಹ್ನ ಒಂದು ಗಂಟೆಗೇ ನನ್ನನ್ನು ಒಂದು ಎತ್ತರದ ಕಟ್ಟೆಯ ಮೇಲೆ ಕೂರಿಸಿ ಕಿವಿಗೆ ಯಂತ್ರ ಸಿಕ್ಕಿಸಿದರು. ಮೈಕು ಒಂದೇ. ಅದರಲ್ಲಿ ಆಡಿದ ಮಾತು ಮೈದಾನಕ್ಕೂ ಕೇಳುತ್ತದೆ, ಟಿವಿಗೂ ಹೋಗುತ್ತದೆ. ಟಿವಿಯಲ್ಲಿ ಜಾಹೀರಾತು ಬರುವಾಗ ಮಾತ್ರ ಮೈದಾನಕ್ಕಷ್ಟೇ. ನನಗೊಂದು ಕೋಟು ಕೊಟ್ಟಿದ್ದರು. ಎದೆಯ ಮೇಲೆ ಏಲಕ್ಕಿ, ತೋಳಿನ ಮೇಲೆ ಬನಿಯನ್. ಬಿಸಿಲಿಗೆ ಬೆವೆತು ನಾನೇ ಒಂದು ಪುಡಕಿಯ ಹಾಗೆ ಕಾಣುತ್ತಿದ್ದೆ.

ಕಣದ ಸುತ್ತ ಸೊಂಟದೆತ್ತರದ ಬೋರ್ಡುಗಳನ್ನು ನಿಲ್ಲಿಸಿದ್ದರು. ಅವು ಕ್ಯಾಮರಾಕ್ಕೆ ಚೆನ್ನಾಗಿ ಕಾಣುತ್ತಿದ್ದವು. ಅವುಗಳ ಹಿಂದೆ ನೆಲದ ಮೇಲೆ ಕೂತ ಮಂದಿಗೆ ಪೈಲವಾನರ ತಲೆ ಮಾತ್ರ ಕಾಣುತ್ತಿತ್ತು. ಕುಸ್ತಿ ನೆಲಕ್ಕಿಳಿದರೆ ಅದೂ ಇಲ್ಲ. ಪ್ರತಿವರ್ಷ ಮುಂದಿನ ಸಾಲಿನಲ್ಲಿ ಕೂರುವ ಹಾರೂಗೇರಿಯ ಒಬ್ಬ ಮುದುಕ ಎದ್ದು ನಿಂತು, "ಮಾಸ್ತರ, ನನಗ ಏಲಕ್ಕಿ ಬಿಟ್ಟ ಏನೂ ಕಾಣವಲ್ದು," ಅಂದ. ಕೂತುಕೊಳ್ಳಿ ಅಜ್ಜಾರ, ನಾನು ಹೇಳ್ತೀನಿ ಎಂದೆ. ಆತ ಕೂರದೆ ದಿಬ್ಬದ ಮೇಲೆ ಹೋದ. ಅವನ ಹಿಂದೆ ಇನ್ನಷ್ಟು ಮಂದಿ ಹೋದರು. ಮುಂದಿನ ಸಾಲು ಖಾಲಿಯಾಯಿತು. ಟಿವಿಯಲ್ಲಿ ಖಾಲಿ ಕಾಣಬಾರದೆಂದು ಬೋರ್ಡು ನಿಲ್ಲಿಸಿದ ಕೂಲಿಗಳನ್ನೇ ಅಲ್ಲಿ ಕೂರಿಸಿ ಚಪ್ಪಾಳೆ ಹೊಡೆಯಲು ಹೇಳಿದರು.

ಮೊದಲ ಕುಸ್ತಿಯಲ್ಲೇ ಬೆನ್ನಿನ ಚಿತ್ರಗಳ ಹಣೆಬರಹ ತಿಳಿಯಿತು. ಬೆವರಿಗೆ, ಎಣ್ಣೆಗೆ ಅವು ಜಾರತೊಡಗಿದವು. ರಾಯಬಾಗದ ಪೈಲವಾನನ ಬೆನ್ನಿನ ಮೇಲಿದ್ದದ್ದು ಎದುರಾಳಿಯ ಕೆನ್ನೆಗೆ ಅಂಟಿತು. ಅವನು ಅದನ್ನು ಕೀಳಲು ಕೈ ಎತ್ತಿದ, ಅಷ್ಟರಲ್ಲಿ ಚಿತ್ ಆದ. ನಾನು ಹಾಳೆಯಲ್ಲಿದ್ದಂತೆ "ಏಲಕ್ಕಿಯ ಘಮಘಮ ಗೆಲುವು" ಎಂದೆ. ಅವತ್ತು ನಾನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಮೂರನೆಯ ಕುಸ್ತಿಯ ಹೊತ್ತಿಗೆ ಯುವತಿ ತಾನೇ ಟವೆಲ್ಲು ಹಿಡಿದು ಪೈಲವಾನರ ಬೆನ್ನು ಒರೆಸಿ ಹೊಸ ಚಿತ್ರ ಹಚ್ಚುತ್ತಿದ್ದಳು. ಅವರು ನಾಚಿಕೊಂಡು ಡೊಂಕಾಗಿ ನಿಲ್ಲುತ್ತಿದ್ದರು.

ಕೊನೆಯ ದೊಡ್ಡ ಕುಸ್ತಿ ಬೆಳ್ಳಿಯ ಗದೆಗಾಗಿ. ಒಂದು ಕಡೆ ಭೋಜದ ಪೈಲವಾನ, ವಸ್ತಾದರ ಶಿಷ್ಯ. ಮನೆಯಲ್ಲಿ ನಾಲ್ಕು ಎಮ್ಮೆ, ತಾಯಿ, ಒಂದಿಷ್ಟು ಹೊಲ. ಮಾತು ಕಡಿಮೆ. ಎದುರಾಳಿಯ ಕಂಕುಳಲ್ಲಿ ತೋಳು ಸೇರಿಸಿ, ಕಾಲು ಅಡ್ಡ ಕೊಟ್ಟು, ಸರಕ್ಕನೆ ತಿರುಗಿ ಎಸೆಯುವ ಢಾಕ ಎಂಬ ಪಟ್ಟಿಗೆ ಅವನು ಹೆಸರಾಗಿದ್ದ. ಕುಸ್ತಿ ಸುರುವಾದ ಮೇಲೆ ಹೆಚ್ಚು ಹೊತ್ತು ಕಾಯುವವನಲ್ಲ. ಇನ್ನೊಂದು ಕಡೆ ಹಾರೂಗೇರಿಯ ಪೈಲವಾನ. ವಯಸ್ಸಿನಲ್ಲಿ ನಾಲ್ಕು ವರ್ಷ ದೊಡ್ಡವನು, ಗಟ್ಟಿ ಕುಳ, ಬಲ ಸ್ವಲ್ಪ ಕಡಿಮೆಯಾದರೂ ತಲೆ ಹೆಚ್ಚು.

ಕುಸ್ತಿಗೆ ಮುಂಚೆ ಯುವತಿ ವಸ್ತಾದರ ಹತ್ತಿರ ಬಂದಳು. ನಾನು ಪಕ್ಕದಲ್ಲೇ ಇದ್ದೆ.

"ಅಜ್ಜಾರ, ನಾ ಹೇಳಬಾರದು. ಆದ್ರ ಮ್ಯಾಲಿನಾವ್ರು ಹೇಳ್ಯಾರ. ಕುಸ್ತಿ ಎಂಟ ಮಿನಿಟಾದ್ರೂ ನಡದ್ರ ಚಲೋ ಆಗ್ತಿತ್ತು."

"ನಿಮ್ಮ ಮ್ಯಾಲಿನಾವ್ರಿಗೆ ಬಂದ ಕಣದಾಗ ನಿಂದ್ರಾಕ ಹೇಳು ಮಗಳ. ಎಂಟ ಮಿನಿಟ ಯಾಕ, ಎರಡ ತಾಸ ಹಿಡಸ್ತೀನಿ," ಅಂದರು ವಸ್ತಾದರು.

ಅವಳು ತಲೆ ತಗ್ಗಿಸಿ ಟ್ಯಾಬಿನಲ್ಲಿ ಏನೋ ಬರೆದುಕೊಂಡಳು.

ಇಬ್ಬರೂ ಕಣಕ್ಕಿಳಿದು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ನನ್ನ ಕಿವಿಯಲ್ಲಿ ನಿರ್ದೇಶಕನ ಧ್ವನಿ ಬಂತು. "ಬ್ರೇಕ್ ತಗೋತಿದೀವಿ, ಎರಡು ನಿಮಿಷ. ನಾನು ಹೇಳೋವರೆಗೂ ಶುರು ಮಾಡಬೇಡಿ." ನಾನು ಕಣದೊಳಗಿದ್ದ ಪಂಚರಿಗೆ ಕೈಸನ್ನೆ ಮಾಡಿದೆ. ಕುಸ್ತಿಗೆ ತೀರ್ಪು ಕೊಡುವ ಈ ಪಂಚರು ಹಳೆಯ ಪೈಲವಾನರು. ಅವರ ಕಿವಿಯಲ್ಲಿ ಯಂತ್ರವೂ ಇರಲಿಲ್ಲ, ನನ್ನ ಸನ್ನೆಯನ್ನು ನೋಡುವ ರೂಢಿಯೂ ಇರಲಿಲ್ಲ. ನಾನು ಕೈ ಎತ್ತಿದ್ದನ್ನು ಸುರು ಮಾಡಿ ಎಂದು ತಿಳಿದರೋ ಏನೋ. ಇಬ್ಬರ ಕೈ ಕೂಡಿಸಿ ಸೀಟಿ ಊದಿಬಿಟ್ಟರು.

ನಾನು ರೂಢಿಯಂತೆ ಮೈದಾನಕ್ಕೆ ಹೇಳತೊಡಗಿದೆ. "ಭೋಜದ ಹುಲಿ ಬಲಗೈ ಮುಂದೆ ಮಾಡಿದೆ, ಹಾರೂಗೇರಿ ಹಿಂದೆ ಸರಿದಿದೆ, ಕುತ್ತಿಗೆಗೆ ಕೈ ಬಿತ್ತು, ಕಂಕುಳಿಗೆ ತೋಳು ಹೋಯಿತು..." ವಾಕ್ಯ ಮುಗಿಯುವುದರೊಳಗೆ ಹಾರೂಗೇರಿಯ ಪೈಲವಾನ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಮಣ್ಣಿಗೆ ಬೆನ್ನು ಕೊಟ್ಟಿದ್ದ. ದಿಬ್ಬದ ಮೇಲಿನ ಮಂದಿಯೆಲ್ಲ ಎದ್ದರು. ಫೇಟಾ, ಟವೆಲ್ಲುಗಳು ಹಾರಿದವು. ಇಪ್ಪತ್ತು ವರ್ಷದಲ್ಲಿ ಅಷ್ಟು ಚಂದದ ಢಾಕ ನಾನು ನೋಡಿರಲಿಲ್ಲ.

ಅದೇ ಹೊತ್ತಿಗೆ ಟಿವಿಯಲ್ಲಿ ಒಬ್ಬ ನಟ ಹೆಲಿಕಾಪ್ಟರಿನಿಂದಿಳಿದು, ಬಾಯಿಗೆ ಏಲಕ್ಕಿ ಹಾಕಿಕೊಂಡು, ಎದುರಿಗೆ ನಿಂತ ಹತ್ತು ಮಂದಿಯನ್ನು ಬರೀ ಉಸಿರಿನಿಂದ ಸೋಲಿಸುತ್ತಿದ್ದನಂತೆ. ಟಿವಿ ನೋಡಿದವರು ಆಮೇಲೆ ಹೇಳಿದರು.

ಕಿವಿಯಲ್ಲಿ ನಿರ್ದೇಶಕನ ಧ್ವನಿ ಬದಲಾಯಿತು. "ಏನಾಯ್ತು? ಯಾಕೆ ಎಲ್ಲರೂ ಎದ್ದಿದಾರೆ?" ಮುಗಿಯಿತು ಎಂದೆ. ಆಮೇಲೆ, "ರೆಕಾರ್ಡ್ ಆಗಿಲ್ಲ, ಮತ್ತೊಮ್ಮೆ ಮಾಡಿಸಿ," ಅಂದ. ಮದುವೆಯಲ್ಲಿ ಫೋಟೋದವನು ಹಾರ ಇನ್ನೊಮ್ಮೆ ಹಾಕಿಸುವಷ್ಟು ಸಲೀಸಾಗಿ ಅಂದ.

ಅಧ್ಯಕ್ಷರು ಓಡಿ ಬಂದರು. ವಸ್ತಾದರು ಒಪ್ಪಲಿಲ್ಲ. "ಕುಸ್ತಿ ಆತು. ಮಣ್ಣ ನೋಡೈತಿ, ಮಂದಿ ನೋಡೈತಿ. ಇನ್ನ್ಯಾರ ನೋಡಬೇಕು?" ಅಂದರು. ಅಧ್ಯಕ್ಷರು ಕೈ ಹಿಡಿದರು. "ಟಿವಿ ಸಲುವಾಗಿ ಅಷ್ಟರಿ. ಗೆದ್ದಾಂವ ಗೆದ್ದಾಂಗ. ಸುಮ್ನ ಇನ್ನೊಮ್ಮಿ ಹಿಡದ ತೋರಸ್ಲಿ."

ವಸ್ತಾದರು ಗಟ್ಟಿಯಾಗಿ ನಿಂತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರನ್ನು ಸಡಿಲಿಸಿದ್ದು ಅವರ ಶಿಷ್ಯನೇ. ಇನ್ನೂ ಏದುಸಿರು ಬಿಡುತ್ತಿದ್ದವನು ಮೆಲ್ಲಗೆ ಹೇಳಿದ:

"ವಸ್ತಾದ, ಅವ್ವ ಟಿವಿ ಮುಂದ ಕುಂತಾಳ. ಓಣಿಯವ್ರನ್ನೆಲ್ಲಾ ಕರದಾಳ. ಆಕಿ ಎಂದೂ ಮೈದಾನಕ್ಕ ಬಂದಾಕಿ ಅಲ್ಲ, ನನ್ನ ಕುಸ್ತಿ ನೋಡಿಲ್ಲ. ಇವತ್ತೂ ನೋಡ್ಲಿಲ್ಲ ಅಂದ್ರ ಹೆಂಗ್ರಿ?"

ವಸ್ತಾದರು ಹಿಂದೆ ಸರಿದು ನಿಂತರು.

ಹಾರೂಗೇರಿಯ ಪೈಲವಾನ ಬೆನ್ನಿನ ಮಣ್ಣನ್ನೂ ಒರೆಸಿಕೊಳ್ಳದೆ ಒಂದು ಕಡೆ ಕೂತಿದ್ದ. ಅಧ್ಯಕ್ಷರು ಅವನ ಹತ್ತಿರ ಹೋಗಿ, "ಇನ್ನೊಮ್ಮಿ ಕುಸ್ತಿ ಹಿಡಿಯಪ್ಪಾ, ಟಿವಿಯವ್ರು ಕೇಳಾಕತ್ತಾರ," ಅಂದರು. ಅವನು ಅಧ್ಯಕ್ಷರ ಮುಖವನ್ನು ಬಹಳ ಹೊತ್ತು ನೋಡಿದ. "ಹಿಡೀತೀನ್ರಿ," ಅಂದ. ಬೀಳಬೇಕು ಎಂದು ಅವನಿಗೆ ಯಾರೂ ಹೇಳಲಿಲ್ಲ. ಅದು ತಾನಾಗಿಯೇ ತಿಳಿಯುವ ಮಾತು ಎಂದು ನಾವೆಲ್ಲ ಭಾವಿಸಿದ್ದೆವು.

ಟಿವಿಯಲ್ಲಿ ಜಾಹೀರಾತುಗಳನ್ನು ಎಳೆದರು, ಇತ್ತ ಅವಸರದಲ್ಲಿ ಇಬ್ಬರ ಬೆನ್ನು ತೊಳೆದು ಹೊಸ ಏಲಕ್ಕಿ ಹಚ್ಚಿದರು. ಕಣದ ಮಣ್ಣನ್ನು ಸಮ ಮಾಡಿದರು. ದಿಬ್ಬದ ಮೇಲಿನ ಮಂದಿಗೆ ಏನೂ ಆಗಿಲ್ಲವೆಂಬಂತೆ ಕೂರಲು ನಾನೇ ಮೈಕಿನಲ್ಲಿ ಹೇಳಿದೆ. ಕೆಲವರು ನಕ್ಕರು, ಕೆಲವರು ಎದ್ದು ಬಸ್ಸಿಗೆ ಹೋದರು. ಕಿವಿಯಲ್ಲಿ ಐದು, ನಾಲ್ಕು, ಮೂರು ಎಂದು ಎಣಿಸುವುದು ಕೇಳಿಸಿತು. ನಾನು ಗಂಟಲು ಸರಿ ಮಾಡಿಕೊಂಡು, ಆ ಇಬ್ಬರನ್ನು ಮೊದಲ ಸಲ ನೋಡುತ್ತಿರುವವನ ಹಾಗೆ, "ಇದೋ ಬಂತು ಎಲ್ಲರೂ ಕಾಯುತ್ತಿದ್ದ ಗಳಿಗೆ," ಎಂದು ಸುರು ಮಾಡಿದೆ.

ಕುಸ್ತಿ ಎಳೆಯಿತು. ಭೋಜದವನು ಮೊದಲಿನ ಬಿರುಸಿನಲ್ಲಿರಲಿಲ್ಲ. ತಾಯಿ ಚೆನ್ನಾಗಿ ನೋಡಲಿ ಎಂದೋ ಏನೋ ನಿಧಾನಕ್ಕೆ ಆಡಿಸುತ್ತಿದ್ದ. ಒಂದೆರಡು ಸಲ ಕ್ಯಾಮರಾದ ಕಡೆ ಕಣ್ಣು ಹೊರಳಿಸಿದ್ದನ್ನೂ ನೋಡಿದೆ. ಐದಾರು ನಿಮಿಷವಾದ ಮೇಲೆ ಅವನ ತೋಳು ಎದುರಾಳಿಯ ಕಂಕುಳಿಗೆ ಹೋಯಿತು. ಅದೇ ಢಾಕ, ಅದೇ ಕಾಲು. ಹಾರೂಗೇರಿಯವನು ಅದಕ್ಕಾಗಿಯೇ ಕಾದಿದ್ದ. ಕಾಲು ಅಡ್ಡ ಬರುವ ಮುಂಚೆಯೇ ಕೆಳಗೆ ಕುಸಿದು, ಆ ತೋಳನ್ನೇ ಒತ್ತಿ ಹಿಡಿದು, ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಹೊರಳಿದ. ಭೋಜದ ಪೈಲವಾನ ಅಂಗಾತ ಬಿದ್ದ. ಎದ್ದೇಳಲು ಬಿಡದಂತೆ ಹಾರೂಗೇರಿಯವನು ಅವನ ಎದೆಯ ಮೇಲೆ ಬೋರಲು ಮಲಗಿ ಅದುಮಿ ಹಿಡಿದ. ಅವನ ಬೆನ್ನಿನ ಮೇಲೆ ಏಲಕ್ಕಿಯ ಚಿತ್ರ, ಒಂದು ಕಣ ಮಣ್ಣೂ ಇಲ್ಲದೆ, ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಕ್ಯಾಮರಾ ಅಲ್ಲೇ ನಿಂತಿತು.

ಮೈದಾನದಲ್ಲಿ ಸಿಳ್ಳು ಇಲ್ಲ, ಹಲಗಿಯೂ ಇಲ್ಲ. ಪಂಚರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದರು. ಆ ಗಳಿಗೆಯಲ್ಲಿ ನಾನು ಒಂದು ಮಾತು ಹೇಳಬಹುದಿತ್ತು. ಇದು ಎರಡನೆಯ ಕುಸ್ತಿ, ಮೊದಲನೆಯದರಲ್ಲಿ ಭೋಜದವನು ಗೆದ್ದಿದ್ದಾನೆ ಎಂದರೆ ಸಾಕಿತ್ತು. ಮೈಕು ನನ್ನ ಕೈಯಲ್ಲಿತ್ತು, ಟಿವಿಗೆ ಮಾತು ಹೋಗುತ್ತಿತ್ತು. ಕಿವಿಯಲ್ಲಿ ನಿರ್ದೇಶಕ "ಲೈನ್, ಲೈನ್" ಎಂದು ಕೂಗಿದ. ನಾನು ಹಾಳೆ ನೋಡಿ ಹೇಳಿದೆ: "ಏಲಕ್ಕಿಯ ಘಮಘಮ ಗೆಲುವು, ಹಾರೂಗೇರಿಯ ಪಾಲಿಗೆ."

ಗದೆಯ ಮೇಲೆ ಜಗಳ ಹತ್ತಿತು. ಟಿವಿಯಲ್ಲಿ ಕಂಡದ್ದೇ ಫಲಿತಾಂಶ ಎಂದ ನಿರ್ದೇಶಕ. ಮಣ್ಣು ಮೊದಲು ನೋಡಿದ್ದೇ ಫಲಿತಾಂಶ ಎಂದರು ವಸ್ತಾದರು. ಹಾರೂಗೇರಿಯ ಪೈಲವಾನನನ್ನು ಕೇಳಿದರೆ, "ಮೊದಲನೇದು ನಾ ಸೋತೀನಿ, ಇಲ್ಲ ಅನ್ನೂದಿಲ್ಲ. ಎರಡನೇದು ಗೆದ್ದೀನಿ. ಇನ್ನೊಮ್ಮಿ ಕುಸ್ತಿ ಹಿಡಿ ಅಂದ್ರಿ, ಹಿಡದೆ. ನಾಟಕ ಮಾಡು ಅಂದಿದ್ರ ಒಲ್ಲೆ ಅಂತಿದ್ದೆ," ಅಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕ್ಯಾಮರಾದ ಮುಂದೆ ಗದೆ ಅವನ ಹೆಗಲೇರಿತು. ಚಾನೆಲ್‌ನ ಗಾಡಿ ಹೋದ ಮೇಲೆ ಅಧ್ಯಕ್ಷರು ಭೋಜದವನಿಗೂ ಅಂಥದ್ದೇ ಇನ್ನೊಂದು ಗದೆ ಮಾಡಿಸಿ ಕೊಡುತ್ತೇನೆಂದು ಎಲ್ಲರ ಮುಂದೆ ಮಾತು ಕೊಟ್ಟರು. ತಿಂಗಳುಗಟ್ಟಲೆ ಕಳೆದ ಮೇಲೆ ಕೊಟ್ಟರೂ ಕೂಡ. ಮರುದಿನ ಮೈದಾನಕ್ಕೆ ಬಂದಿದ್ದ ವರದಿಗಾರನ ಪತ್ರಿಕೆಯಲ್ಲಿ ಭೋಜ ಗೆದ್ದಿತ್ತು, ಮನೆಯಲ್ಲಿ ಟಿವಿ ನೋಡಿದವನ ಪತ್ರಿಕೆಯಲ್ಲಿ ಹಾರೂಗೇರಿ ಗೆದ್ದಿತ್ತು.

ವಾರ ಕಳೆದ ಮೇಲೆ ಯುವತಿ ಫೋನ್ ಮಾಡಿದಳು. ಅವರ ಆಫೀಸಿನಲ್ಲಿ ಎಲ್ಲರಿಗೂ ಬಹಳ ಖುಷಿಯಾಗಿದೆಯಂತೆ. ಕೊನೆಯಲ್ಲಿ ಪೈಲವಾನ ಅದುಮಿ ಮಲಗಿದ್ದಾಗ ಲೋಗೋ ಕಂಡಷ್ಟು ಹೊತ್ತು, ಅಷ್ಟು ಸ್ವಚ್ಛವಾಗಿ ಯಾವ ಆಟದಲ್ಲೂ ಕಂಡಿರಲಿಲ್ಲವಂತೆ. ಆ ಚಿತ್ರವನ್ನೇ ದೊಡ್ಡದು ಮಾಡಿ ಮುಂದಿನ ವರ್ಷದ ಜಾಹೀರಾತಿಗೆ ಇಡುತ್ತಾರಂತೆ. ಪೈಲವಾನನ ಮುಖ ಅದರಲ್ಲಿ ಇಲ್ಲ, ಬೆನ್ನು ಮಾತ್ರ.

"ಯಾರು ಗೆದ್ರು ಅಂತ ಆಫೀಸ್ನ್ಯಾಗ ಯಾರರೆ ಕೇಳಿದ್ರೇನವಾ?" ಎಂದೆ.

"ಇಲ್ರಿ ಸರ್," ಅಂದಳು. ಮತ್ತೆ, "ನಮ್ಮ ಅಜ್ಜ ಕೇಳಿದ. ನಾ ಖರೇನ ಹೇಳೀನಿ," ಅಂದಳು.

ಮನೆಯಲ್ಲಿ ಹೆಂಡತಿ ಈ ವಿಷಯವೆತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಎರಡು ವಾರ ಹಾಗೇ ಕಳೆದು, ಒಂದು ರವಿವಾರ ಬೆಳಿಗ್ಗೆ ನಿಪ್ಪಾಣಿಗೆ ಹೋಗಿ ಅಲ್ಲಿಂದ ಭೋಜದ ಬಸ್ಸು ಹತ್ತಿದೆ.

ಪೈಲವಾನನ ಮನೆಯಲ್ಲಿ ತಾಯಿ ಒಬ್ಬಳೇ ಇದ್ದಳು. ಎಮ್ಮೆಗೆ ಮೇವು ಹಾಕುತ್ತಿದ್ದವಳು ನಾನು ಯಾರೆಂದು ಹೇಳುವ ಮೊದಲೇ, ಒಂದು ನಮಸ್ಕಾರಕ್ಕೇ ನನ್ನನ್ನು ಗುರುತಿಸಿದಳು.

"ಮಾತಾಡವ್ರ ಅಲ್ಲೇನ್ರಿ ನೀವು? ಧ್ವನಿ ಗುರ್ತ ಸಿಕ್ತು. ನನ್ನ ಮಗ ಬಿದ್ದ ಅಂತ ನೀವ ಹೇಳಿದ್ರಲ್ರಿ ಅವತ್ತ."

ಹೌದು ಎಂದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೇವಿನ ಕೈ ನಿಲ್ಲಿಸದೆ ಕೇಳಿದಳು.

"ಮಗನೂ ಹಿಂಗ ಹೇಳಿದ. ಸೋತ ಬಂದಾವ್ರೆಲ್ಲ ಹಂಗ ಹೇಳ್ತಾರ ಅಂತ ನಾ ಸುಮ್ನಾದೆ. ಓಣಿಯವ್ರೂ ಸುಮ್ನಾದ್ರು. ಅವ್ರ ಸುಮ್ನ ಆಗಿದ್ದ ನೋಡಿ ನನ್ನ ಮಗ ಓಣ್ಯಾಗ ಅಡ್ಡಾಡೂದ ಬಿಟ್ಟಾನ್ರಿ."

"ಈಗ ನಾ ಹೇಳೀನಲ್ಲವಾ."

"ನನಗ ಹೇಳೀರಿ. ಅವತ್ತ ಎಲ್ಲಾರಿಗೂ ಕೇಳೂ ಹಂಗ ಹೇಳಿದ್ರಿ. ಇವತ್ತೂ ಹಂಗ ಹೇಳ್ರಿ," ಅಂದಳು. ಸಿಟ್ಟಿನಿಂದಲ್ಲ. ಕೆಡವಿದ ಕೊಡವನ್ನು ಎತ್ತಿಡು ಎನ್ನುವಷ್ಟು ಸಹಜವಾಗಿ.

ಪಂಚಾಯಿತಿಯಲ್ಲಿ ನೀರು ಬಿಡುವ ವೇಳೆ ತಿಳಿಸಲು ಇಟ್ಟಿದ್ದ ಮೈಕನ್ನು ಕೇಳಿ ಪಡೆದೆ. ಓಣಿಯ ತುದಿಯ ಕಟ್ಟೆಯ ಮೇಲೆ ನಿಂತೆ. ಕೆಲಸವಿಲ್ಲದ ಹತ್ತಿಪ್ಪತ್ತು ಮಂದಿ ಬಂದರು. ಬಾಗಿಲುಗಳಲ್ಲಿ ಹೆಣ್ಣುಮಕ್ಕಳು ನಿಂತರು. ಸುದ್ದಿ ಹೋಗಿ ವಸ್ತಾದರು ತಾಲೀಮಿನಿಂದ ಬಂದು ಒಂದು ಗೋಡೆಗೆ ಒರಗಿದರು. ಪೈಲವಾನ ಬರಲಿಲ್ಲ. ಹೊಲದಲ್ಲಿದ್ದಾನೆ ಎಂದರು.

ಇವತ್ತು ಕೈಯಲ್ಲಿ ಹಾಳೆ ಇರಲಿಲ್ಲ. ಏಕಸಂಬಿಯ ಮೈದಾನದಲ್ಲಿ, ಟಿವಿಯಲ್ಲಿ ಜಾಹೀರಾತು ಬರುತ್ತಿದ್ದಾಗ ನಡೆದ ಕುಸ್ತಿ ಇದು, ನಾನು ಕಣ್ಣಾರೆ ಕಂಡದ್ದು, ಅವತ್ತು ಹೇಳದೆ ಉಳಿದದ್ದು ನನ್ನ ತಪ್ಪು ಎಂದು ಮೊದಲೇ ಹೇಳಿಬಿಟ್ಟೆ. ಆಮೇಲೆ ಕುಸ್ತಿಗೆ ಬಂದೆ. ಕೈ ಕೂಡಿದವು, ಸೀಟಿ ಕೂಗಿತು, ಭೋಜದ ಹುಲಿಯ ಬಲಗೈ ಮುಂದೆ ಬಂತು, ಕುತ್ತಿಗೆಗೆ ಬಿತ್ತು, ಕಂಕುಳಿಗೆ ತೋಳು ಹೋಯಿತು, ಕಾಲು ಅಡ್ಡ ಬಂತು, ಢಾಕ, ಚಿತ್. ಅಷ್ಟೇ. ಮೈಕು ಸರಿ ಮಾಡಲು ಹಿಡಿದ ಹೊತ್ತಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿದುಹೋಯಿತು.

ಯಾರೋ ಒಬ್ಬರು ಸಿಳ್ಳು ಹಾಕಿದರು. ಮಂದಿ ಗುಜುಗುಜು ಮಾತಾಡತೊಡಗಿದರು. ತಾಯಿ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಮುಗೀತೇನ್ರಿ?" ಅಂದಳು.

"ಮುಗೀತವಾ. ಅಷ್ಟ ಆಗಿದ್ದು."

"ಇಷ್ಟ ಸಣ್ಣ ಕೆಲಸಕ್ಕ ಆ ಮಂದಿ ಅಷ್ಟ ದೊಡ್ಡ ಗಾಡಿ ತಗೊಂಡ ಬಂದಿದ್ರೇನು," ಅಂದು ಒಳಗೆ ಹೋದಳು. ಹೊರಗೆ ಬರುವಾಗ ಒಂದು ಚರಿಗೆ ಮಜ್ಜಿಗೆ ಹಿಡಿದಿದ್ದಳು. ನಾನು ಕಟ್ಟೆಯ ಮೇಲೆ ಕೂತು ಅದನ್ನು ಕುಡಿದೆ. ವಸ್ತಾದರು ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಪೈಲವಾನ ಹುಲ್ಲಿನ ಹೊರೆ ಹೊತ್ತುಕೊಂಡು ಓಣಿಯ ನಡುವೆಯೇ ನಡೆದು ಬಂದ. ಮಂದಿ ದಾರಿ ಬಿಟ್ಟರು.